ಹತ್ತು ಗಂಟೆ ಮೂರು ನಿಮಿಷ

ಸೋಮವಾರ ಮುಂಜಾನೆ ಸೇಡಂ ಬಸ್ ಸ್ಟ್ಯಾಂಡಿನ ಎದುರು ಮಂಡಕ್ಕಿ ಸುಸಲಾ ತಿನ್ನುತ್ತ ನಿಂತಿದ್ದೆ. ಬಾಯಲ್ಲಿ ಮಿರ್ಚಿ ಇತ್ತು. ಇಂಥ ಹೊತ್ತು ನೋಡಿಯೇ ನಮ್ಮ ಸೂಪರ್‌ವೈಸರ್ ಸಾಹೇಬರು ಫೋನು ಮಾಡುತ್ತಾರೆ.

“ಎಲ್ಲಿದ್ದಿಲೇ?”

“ಸೇಡಂದಾಗ, ಸರ.”

“ಐದೂ ಊರಿನ ಸೆಂಟರ್ ಟೆಸ್ಟ್ ಮಾಡಬೇಕು. ಸೇಡಂ, ಚಿಂಚೋಳಿ, ಚಿತ್ತಾಪುರ, ವಾಡಿ, ಶಹಾಬಾದ. ಐಪಿ ಎಷ್ಟು ಸೆಕೆಂಡಿಗೆ ಬರ್ತದ ನೋಡು. ಶುಕ್ರವಾರ ವರದಿ ಬೇಕು. ಎಲ್ಲಾ ಓಕೆ ಅಂತ ಬರಿ.”

“ಟೆಸ್ಟ್ ಮಾಡಿ ಬರೀಲ್ಯೋ, ಬರದು ಟೆಸ್ಟ್ ಮಾಡ್ಲ್ಯೋ, ಸರ?”

“ಶಾಣ್ಯಾತನ ಬ್ಯಾಡ. ಶಹಾಬಾದದಾಗ ಒಬ್ಬಾಕಿ ಆಪರೇಟರ್ ಕಿರಿಕಿರಿ ಹಚ್ಚ್ಯಾಳ. ದಿನಾ ತಡ ಮಾಡ್ತಾಳ, ನೆಟ್‌ವರ್ಕ್ ಮ್ಯಾಲ ಹಾಕ್ತಾಳ. ಶನಿವಾರ ಅಕಿ ಕಾಂಟ್ರಾಕ್ಟ್ ಮುಂದುವರಿಸಬೇಕೋ ಬಿಡಬೇಕೋ ಅಂತ ಮೀಟಿಂಗ್ ಅದ. ನಿನ್ನ ವರದಿ ಆ ಫೈಲಿಗೆ ಹಚ್ತಾರ. ತಿಳೀತಲ್ಲ?”

ತಿಳಿಯಿತು. ಒಬ್ಬ ಹೆಣ್ಣುಮಗಳ ನೌಕರಿ ತೆಗೆಯಲು ಒಂದು ಹಾಳೆ ಕಡಿಮೆ ಬಿದ್ದಿತ್ತು. ಆ ಹಾಳೆ ನಾನು ಬರೆದುಕೊಡಬೇಕಿತ್ತು. ಆದರೆ ಆ ಹೊತ್ತಿಗೆ ನನಗೆ ಸಿಟ್ಟೇನೂ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಫೋನಿಟ್ಟ ಕೂಡಲೇ ಸುಸಲಾ ಮಾರುವವನ ಮುಂದೆ ಸಾಹೇಬರ ದನಿ ತೆಗೆದು “ತಿಳೀತಲ್ಲ?” ಅಂದು ನಗಿಸಿದೆ. ಅವರದು ಮೂಗಿನೊಳಗೆ ಅಡಕಿ ಹೋಳು ಸಿಕ್ಕಂಥ ದನಿ. ನನಗೆ ಭಾಳ ಬರೋಬರ್ ಬರುತ್ತದೆ. ಹೀಗೆ ಎಲ್ಲರ ದನಿ ತೆಗೆಯುವುದರಿಂದ ನನಗೆ ಗೆಳೆಯರೂ ಹೆಚ್ಚು, ಒಂದೇ ಊರಿನಲ್ಲಿ ಎರಡು ಸಲ ಊಟಕ್ಕೆ ಕರೆಯುವವರು ಕಡಿಮೆ.

ಕೆಲಸ ಇಷ್ಟು. ಐದೂ ಊರಿನಲ್ಲಿ ಒಂದೇ ಸಂಸ್ಥೆಯ ಅರ್ಜಿ ಕೇಂದ್ರಗಳಿವೆ. ಪಿಂಚಣಿ, ಆದಾಯ ಪತ್ರ, ಪಹಣಿ ಅಂತ ಜನ ಬರುತ್ತಾರೆ. ಅಲ್ಲಿ ನೆಟ್‌ವರ್ಕ್ ಹಾಕಿದ್ದು ನಮ್ಮ ಗುತ್ತಿಗೆದಾರರು. ಕಂಪ್ಯೂಟರ್ ಎದ್ದ ಕೂಡಲೇ ತಂತಿಯೊಳಗೆ ಒಂದು ಕೂಗು ಹಾಕುತ್ತದೆ: “ಯಾರರ ಅದೀರೇನ್ರಿ? ನನಗೊಂದು ವಿಳಾಸ ಕೊಡ್ರಿ.” ಚಿತ್ತಾಪುರದಲ್ಲಿ ಕುಳಿತ ಸರ್ವರ್ ಅನ್ನುತ್ತದೆ: “ನಾ ಅದೀನಿ. ಈ ನಂಬರ್ ಖಾಲಿ ಅದ, ನಡೀತದೇನು?” “ನಡೀತದ್ರಿ, ಅದನ್ನ ಕೊಡ್ರಿ.” “ತಗೋ, ನಿಂದಾತು.” ನಾಲ್ಕೇ ಮಾತು. ಲಾಡ್ಜಿನಲ್ಲಿ ರೂಮು ಹಿಡಿದಂತೆ, ಆಧಾರ್ ಕಾರ್ಡ್ ಮಾತ್ರ ಕೇಳುವುದಿಲ್ಲ. ಆ ನಂಬರಿಗೇ ನಾವು ಐಪಿ ಅನ್ನುವುದು. ಅದು ಸಿಗುವ ತನಕ ಕಂಪ್ಯೂಟರ್ ಬರೀ ಬೆಳಕಿನ ಡಬ್ಬಿ.

ಈ ಮಾತುಕತೆ ಹಾದು ಹೋಗುವ ಕಟ್ಟೆಗಳಿಗೆ ಸ್ವಿಚ್ ಅಂತಾರೆ. ಗೋಡೆಯ ಮೇಲೆ ಒತ್ತುವ ಬಟನ್ ಅಲ್ಲ, ಹತ್ತಾರು ತಂತಿ ಬಂದು ಕೂಡುವ ಕಬ್ಬಿಣದ ಪೆಟ್ಟಿಗೆ. ಒಂದು ಸ್ವಿಚ್ಚಿನಿಂದ ಇನ್ನೊಂದು ಸ್ವಿಚ್ಚಿಗೆ ಹಾದು, ಕೂಗಿದವನಿಗೆ ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದೇ ನನ್ನ ಪರೀಕ್ಷೆ. ಲ್ಯಾಪ್‌ಟಾಪಿಗೆ ತಂತಿ ಚುಚ್ಚು, ಇದ್ದ ಐಪಿ ಬಿಡು, ಹೊಸದು ಕೇಳು, ಹೊತ್ತು ಬರೆದುಕೊ. ಹತ್ತು ಸಲ.

ಸೇಡಂನಲ್ಲಿ ಒಂದು ಸೆಕೆಂಡಿನ ಒಳಗೆ ಬಂತು. ಮಧ್ಯಾಹ್ನದ ಬಸ್ಸಿಗೆ ಚಿಂಚೋಳಿಗೆ ಹೋದೆ, ಅಲ್ಲಿಯೂ ಅಷ್ಟೇ. ಕೌಂಟರಿನವರು ತೆಲುಗು–ಕನ್ನಡ ಕಲಸಿ “ಬಾಗುಂದಿ, ಏನೂ ತ್ರಾಸಿಲ್ಲ” ಅಂದರು. ಮಂಗಳವಾರ ಚಿತ್ತಾಪುರ, ಸರ್ವರ್ ಇದ್ದ ಕೋಣೆ, ಅಲ್ಲಿ ಬಾರದೆ ಎಲ್ಲಿಗೆ ಹೋದೀತು. ರಾವೂರು ದಾಟಿ ವಾಡಿ ಮುಟ್ಟಿದೆ. ಅಲ್ಲಿನ ಸ್ವಿಚ್ಚಿನ ಮೇಲೆ ಸುಣ್ಣದ ಕಲ್ಲಿನ ಧೂಳು ಎಷ್ಟಿತ್ತೆಂದರೆ, ಊದಿದರೆ ನನ್ನ ಹುಬ್ಬು ಮುದುಕನದಾಯಿತು. ಆದರೂ ಒಂದು ಸೆಕೆಂಡು. ಐದರಲ್ಲಿ ನಾಲ್ಕು ಓಕೆ. ಬುಧವಾರ ಶಹಾಬಾದಕ್ಕೆ ಹನ್ನೊಂದಕ್ಕೆ ಹೋದೆ.

ಕೇಂದ್ರದ ಮುಂದಿನ ಹಾಲಿನಲ್ಲಿ ಐದು ಕೌಂಟರ್. ದೊಡ್ಡ ಸ್ವಿಚ್ ಇರುವುದು ಮ್ಯಾನೇಜರ್ ಕೋಣೆಯ ಪಕ್ಕ. ಅಲ್ಲಿಂದ ಒಂದು ಉದ್ದ ತಂತಿ ಪರಸಿ ಕಲ್ಲು ಹಾಸಿದ ಒಳಗಿನ ಓಣಿ ಹಿಡಿದು ಹಿಂದಿನ ಕೋಣೆಗೆ ಹೋಗುತ್ತದೆ. ಅಲ್ಲೊಂದು ಎಂಟು ಕಿಂಡಿಯ ಸಣ್ಣ ಸ್ವಿಚ್, ಅದಕ್ಕೆ ಹಚ್ಚಿದ ಒಂದೇ ಕಂಪ್ಯೂಟರ್. ಅದು ಮುದುಕರಿಗೂ ಅಂಗವಿಕಲರಿಗೂ ಮಾಡಿದ ಕೌಂಟರ್, ಹಿಂದಿನ ಬಾಗಿಲಿಗೆ ಮೆಟ್ಟಿಲಿಲ್ಲ ಅಂತ. ಕಿರಿಕಿರಿ ಹಚ್ಚಿದ ಆಪರೇಟರ್ ಅಕ್ಕಾರು ಕೂಡುವುದು ಅಲ್ಲಿ. ವಾಡಿಯಿಂದ ದಿನಾ ರೈಲಿಗೆ ಬರುತ್ತಾರೆ. ನಲವತ್ತರ ಆಜುಬಾಜು ವಯಸ್ಸು. ಒಬ್ಬ ಅಜ್ಜನ ಹೆಬ್ಬೆರಳು ಯಂತ್ರದ ಮೇಲೆ ಒತ್ತಿ ಹಿಡಿದಿದ್ದರು.

ನಾನು ಸಣ್ಣ ಸ್ವಿಚ್ಚಿಗೆ ಲ್ಯಾಪ್‌ಟಾಪ್ ಹಚ್ಚಿ ಹತ್ತು ಸಲ ಕೇಳಿದೆ. ಹತ್ತೂ ಸಲ ಒಂದು ಸೆಕೆಂಡಿನೊಳಗೆ ಐಪಿ ಬಂತು.

“ಅಕ್ಕಾರ, ನಿಮ್ಮ ಲೈನ್ ಫಸ್ಟ್‌ಕ್ಲಾಸ್ ಅದ್ರಿ. ತ್ರಾಸೇನೂ ಇಲ್ಲ.”

ಅವರು ಅಜ್ಜನ ಬೆರಳು ಬಿಡದೆಯೇ ಅಂದರು: “ತಮ್ಮಾ, ಹನ್ನೊಂದಕ್ಕ ಬಂದು ಟೆಸ್ಟ್ ಮಾಡಿದ್ರ, ಉಂಡು ಕೈ ತೊಳಕೊಂಡವನಿಗೆ ಹಸಿವಿ ಅದ ಏನು ಅಂತ ಕೇಳಿದಂಗ. ನನ್ನ ತ್ರಾಸ ಹತ್ತರೊಳಗಿನದು. ನಾಳೆ ಒಂಬತ್ತೂವರಿಗೆ ಬಾ.”

“ವರದಿಯೊಳಗ ಹೊತ್ತಿನ ಕಾಲಂ ಇಲ್ಲ್ರಿ ಅಕ್ಕಾರ.”

“ನೌಕರಿ ಹೋದ ಮ್ಯಾಲ ನನ್ನ ಮನ್ಯಾಗೂ ಹೊತ್ತಿನ ಕಾಲಂ ಇರಂಗಿಲ್ಲ. ಗಂಗಾಳ ಖಾಲಿನ ಇರ್ತದ.”

ಎದ್ದು ಮ್ಯಾನೇಜರ್ ಕೋಣೆಗೆ ಹೋದೆ. ಅವರು ಮೆತ್ತಗೆ, ತೂಗಿ ಮಾತಾಡುವವರು. ಪ್ರತಿ ಮಾತಿನ ಮೇಲೂ ಒಂದು ಉಲ್ಲೇಖ ಸಂಖ್ಯೆ ಇದ್ದಂತೆ ಕೇಳಿಸುತ್ತದೆ. ಫೈಲು ತಿರುಗಿಸಿ ನನ್ನ ಮುಂದಿಟ್ಟರು. ಅಕ್ಕಾರಿಗೆ ಕೊಟ್ಟ ಮೂರು ನೋಟಿಸ್. ಅಲ್ಲಿ ಹಾಜರಿ ಅಂದರೆ ಅವರವರ ಕಂಪ್ಯೂಟರಿನಲ್ಲಿ ಲಾಗಿನ್ ಆದ ಹೊತ್ತು. ಹತ್ತು ದಾಟಿದರೆ ತಡ. ನೋಟಿಸಿಗೆ ತಡದ ಪಟ್ಟಿ ಹಚ್ಚಿದ್ದರು: ಹತ್ತು ಮೂರು. ಹತ್ತು ಮೂರು. ಹತ್ತು ನಾಲ್ಕು. ಹತ್ತು ಮೂರು. ಪುಟದ ತುಂಬ ಅದೇ.

“ಸರ, ಮನುಷ್ಯಾರು ತಡ ಮಾಡಿದ್ರ ಒಂದಿನ ಹತ್ತು ನಿಮಿಷ, ಒಂದಿನ ಅರ್ಧ ತಾಸು ಮಾಡ್ತಾರ. ದಿನಾ ಮೂರೇ ನಿಮಿಷ ಯಾರ ತಡ ಮಾಡ್ತಾರ್ರಿ?”

“ಅದು ನಿಮ್ಮ ಪರೀಕ್ಷೆಯ ವ್ಯಾಪ್ತಿಗೆ ಬರೂದಿಲ್ಲಪ್ಪ,” ಅಂದರು. “ಮತ್ತ ನೆಟ್‌ವರ್ಕ್ ಸರಿ ಅದ ಅನ್ನೂದಕ್ಕ ನಮ್ಮ ಕಡೆ ಮೊದಲನೇ ವರದಿನೂ ಅದ. ನೋಡ್ರಿ.”

ನೋಡಿದೆ. ನೆಟ್‌ವರ್ಕ್ ಹಾಕಿ ಒಪ್ಪಿಸಿದಾಗಿನ ಪರೀಕ್ಷೆಯ ಹಾಳೆ. ಶಹಾಬಾದ ಕೇಂದ್ರ, ಹಿಂದಿನ ಕೋಣೆ, ಹತ್ತು ರೀಡಿಂಗ್, ಎಲ್ಲ ಒಂದು ಸೆಕೆಂಡಿನ ಒಳಗೆ. ಕೆಳಗೆ ಸಹಿ. ಸಹಿ ನನ್ನದು.

ಈಗ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಹಾಳೆ ತುಂಬಿದ ದಿನ ನಾನು ಶಹಾಬಾದಕ್ಕೆ ಬಂದೇ ಇರಲಿಲ್ಲ. ಇಲ್ಲಿ ಕರೆಂಟ್ ಇರಲಿಲ್ಲ. ಸೂಪರ್‌ವೈಸರ್ ಸಾಹೇಬರು ಫೋನಿನಲ್ಲಿ “ಎಲ್ಲಾ ಕಡೆ ಅವೇ ತಂತಿ ಅಲ್ಲೇನು, ಚಿತ್ತಾಪುರದ್ದ ಬರಿ” ಅಂದಿದ್ದರು. ನಾನು ಚಿತ್ತಾಪುರದ ಸರ್ವರ್ ಕೋಣೆಯಲ್ಲಿ ಚಹಾ ಕುಡಿಯುತ್ತ ಬರೆದೆ. ಅದೂ ಹೇಗೆ? ಹತ್ತೂ ಅಂಕಿ ಒಂದೇ ಇದ್ದರೆ ಸಂಶಯ ಬರುತ್ತದೆ ಅಂತ ದಶಾಂಶದಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿ ಬರೆದಿದ್ದೆ. ಮನುಷ್ಯರ ದನಿ ತೆಗೆದು ಸಾಲದೆ ಯಂತ್ರದ ದನಿಯನ್ನೂ ತೆಗೆದ ಗಂಡು ನಾನು. ಆ ನಕಲನ್ನೇ ಹಿಡಿದು ಇವರು ಒಬ್ಬ ಹೆಣ್ಣುಮಗಳನ್ನು ಸುಳ್ಳಿ ಅನ್ನುತ್ತಿದ್ದರು.

ಆವತ್ತು ವಾಪಸ್ ಹೋಗಲಿಲ್ಲ. ಶಹಾಬಾದದಲ್ಲೇ ಉಳಿದೆ.

ಗುರುವಾರ ಒಂಬತ್ತೂ ಇಪ್ಪತ್ತೈದಕ್ಕೆ ಬಾಗಿಲ ಮುಂದಿದ್ದೆ. ಅಟೆಂಡರ್ ಕಾಕಾ ಕೀಲಿ ತೆಗೆದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಹೆಗಲ ಮೇಲೆ ಧೂಳು ಹೊಡೆಯುವ ಅರಿವೆ. “ಶರಣ್ರಿ ಇಂಜಿನೇರ” ಅಂದರು. ನಾನು ಇಂಜಿನಿಯರ್ ಅಲ್ಲ, ಆದರೂ ಶರಣು ಸ್ವೀಕರಿಸಿದೆ. ಒಂಬತ್ತೂ ಮೂವತ್ತೆರಡಕ್ಕೆ ಅಕ್ಕಾರು ಬಂದರು, ಚೀಲ ಇಟ್ಟರು, ಕತ್ತಲ ಪರದೆಯ ಮುಂದೆ ಕುಳಿತರು. ನಾನು ಹಿಂದಿನ ಕೋಣೆಯಲ್ಲಿ ಸಣ್ಣ ಸ್ವಿಚ್ಚಿಗೆ ಲ್ಯಾಪ್‌ಟಾಪ್ ಹಚ್ಚಿ ತಯಾರಾದೆ. ಯಾವ ದೀಪವೂ ಇಲ್ಲ.

“ಕಾಕಾ, ಕರೆಂಟಿನ ಮೇನ್ ಹಾಕ್ರಿ.”

“ನಾ ಹಾಕಂಗಿಲ್ಲೋ ಯಪ್ಪಾ. ಮ್ಯಾನೇಜರ್ ಸಾಹೇಬರ ಹಾಕಬೇಕು.”

“ಯಾಕ್ರಿ, ನಿಮ್ಮ ಕೈಗೆ ಮುಟ್ಟಂಗಿಲ್ಲೇನು?”

“ಮುಟ್ತದ. ಹಿಂದೊಮ್ಮೆ ನಾ ಹಾಕಿದ ದಿನ ಬೋರ್ಡ್ ಸುಟ್ಟು ಹೊಗಿ ಬಂತು. ಮರುದಿನ ಸಾಹೇಬರು ಹಾಕಿದ್ರು, ಏನೂ ಆಗಲಿಲ್ಲ. ಅವತ್ತಿನಿಂದ ಅವರ ಕೈಗುಣ ಚಲೋ ಅದ ಅಂತ ದಿನದ ಮೊದಲನೇ ಮೇನ್ ಅವರ ಕೈಲೇನ. ಸಂಜಿಕ ಆರಿಸೂದು ನಂದು. ಆರಿಸಾಕ ಕೈಗುಣ ಬೇಕಾಗಿಲ್ಲಲ್ಲ.”

ಒಂಬತ್ತೂ ಐವತ್ತೈದಕ್ಕೆ ಮ್ಯಾನೇಜರ್ ಸಾಹೇಬರು ಬಂದರು. ಚಪ್ಪಲಿ ಬಿಟ್ಟರು, ಮೇನಿಗೆ ಕೈ ಮುಗಿದರು, ಹಾಕಿದರು. ಆಮೇಲೆ ತಮ್ಮ ಕೋಣೆಗೆ ಹೋಗಿ ಕಾಗದದ ಪುಸ್ತಕದಲ್ಲಿ ಹಾಜರಿ ಹಾಕಿ ಸಹಿ ಮಾಡಿದರು. ಹೌದು, ಅವರದು ಕಾಗದ. ಲಾಗಿನ್ ಹಾಜರಿ ಉಳಿದವರಿಗೆ.

ನಾನು ಲ್ಯಾಪ್‌ಟಾಪಿನ ಪರದೆಯ ಮೇಲೆ ತಂತಿಯೊಳಗಿನ ಮಾತುಕತೆ ನೋಡುತ್ತ ಕುಳಿತೆ. ಸಣ್ಣ ಸ್ವಿಚ್ ಅರೆ ನಿಮಿಷದಲ್ಲಿ ಎದ್ದಿತು. ಎರಡು ನಿಮಿಷಕ್ಕೆ, ಒಂಬತ್ತೂ ಐವತ್ತೇಳಕ್ಕೆ, ಅಕ್ಕಾರ ಕಂಪ್ಯೂಟರ್ ಎದ್ದು ಕೂಗಿತು: “ಯಾರರ ಅದೀರೇನ್ರಿ?” ಉತ್ತರ ಇಲ್ಲ. ನಾಲ್ಕು ಸೆಕೆಂಡ್ ಬಿಟ್ಟು ಮತ್ತೆ. ಎಂಟು ಬಿಟ್ಟು ಮತ್ತೆ. ಹದಿನಾರು ಬಿಟ್ಟು ಮತ್ತೆ. ಉತ್ತರ ಎಲ್ಲಿಂದ ಬರಬೇಕು? ಮುಂದಿನ ಕೋಣೆಯ ದೊಡ್ಡ ಸ್ವಿಚ್ ಇನ್ನೂ ಮೈ ಮುರಿಯುತ್ತಿತ್ತು. ಅದು ದೊಡ್ಡ ಮನುಷ್ಯರ ಹಾಗೆ: ಏಳಲು ಮೂರು ನಿಮಿಷ, ಎದ್ದ ಮೇಲೂ ತಂತಿಗಳು ಎಲ್ಲಾದರೂ ಸುತ್ತುಗಟ್ಟಿವೆಯೋ ಅಂತ ಪರೀಕ್ಷಿಸಲು ಮತ್ತೆ ಅರ್ಧ ನಿಮಿಷ ಬಾಯಿ ಮುಚ್ಚಿಕೊಂಡು ಕೂಡುತ್ತದೆ. ಅಷ್ಟರಲ್ಲಿ ಅಕ್ಕಾರ ಕಂಪ್ಯೂಟರ್ ಕೂಗಿ ಕೂಗಿ ಬೇಸತ್ತು, ತನಗೆ ತಾನೇ ನೂರಾ ಅರವತ್ತೊಂಬತ್ತರಿಂದ ಶುರುವಾಗುವ ಒಂದು ಕೆಲಸಕ್ಕೆ ಬಾರದ ನಂಬರ್ ಹಚ್ಚಿಕೊಂಡು ಸುಮ್ಮನಾಯಿತು. ಹಾಗೆ ಸುಮ್ಮನಾದರೆ ಮತ್ತೆ ಕೂಗುವುದು ಐದು ನಿಮಿಷಕ್ಕೆ.

ಒಂಬತ್ತೂ ಐವತ್ತೆಂಟೂವರೆ ಸುಮಾರಿಗೆ ದೊಡ್ಡ ಸ್ವಿಚ್ ತಯಾರಾಯಿತು. ಮುಂದಿನ ಹಾಲಿನ ಐದೂ ಕಂಪ್ಯೂಟರ್ ನೇರ ಅದಕ್ಕೇ ಕಟ್ಟಿದಂಥವು. ಅದು ಏಳುವ ತನಕ ಅವುಗಳ ತಂತಿಗೆ ಜೀವವೇ ಇರುವುದಿಲ್ಲ, ಹಾಗಾಗಿ ವ್ಯರ್ಥ ಕೂಗುವುದೂ ಇಲ್ಲ. ಜೀವ ಬಂದ ಮೇಲೆ ಕೂಗಿದವು, ಐಪಿ ಬಂತು, ಐದೂ ಮಂದಿ ಹತ್ತಕ್ಕೆ ಅರ್ಧ ನಿಮಿಷ ಇದ್ದಾಗ ಒಳಗೆ. ಹಿಂದಿನ ಕೋಣೆಯ ದಾರಿಯೂ ಆಗಲೇ ತೆರೆದಿತ್ತು. ಆದರೆ ಅಲ್ಲಿನ ಕಂಪ್ಯೂಟರಿಗೆ ಅದು ಗೊತ್ತಿಲ್ಲ. ಅದು ಬಾಗಿಲು ಬಡಿದು ಬಡಿದು ಕೈ ಸೋತು ಕಟ್ಟೆಯ ಮೇಲೆ ಕುಳಿತ ಮೇಲೆ ಬಾಗಿಲು ತೆಗೆದಿದ್ದರು.

ಹತ್ತು ಗಂಟೆ ಮೂರು ನಿಮಿಷಕ್ಕೆ ಅದು ಮತ್ತೆ ಕೂಗಿತು. ಒಂದು ಸೆಕೆಂಡಿಗೆ ಐಪಿ. ಅಕ್ಕಾರು ಲಾಗಿನ್ ಆದರು. ಕೆಂಪು ಅಕ್ಷರದಲ್ಲಿ ‘ತಡ’ ಅಂತ ಬಂತು. ಅವರು ಅದನ್ನು ನೋಡಲೂ ಇಲ್ಲ, ಮೊದಲನೇ ಅರ್ಜಿ ಕೈಗೆ ತೆಗೆದುಕೊಂಡರು.

ನನಗೆ ಮೈ ಉರಿಯಿತು. ಕೀಲಿ ತೆಗೆದ ಕಾಕಾನನ್ನು ಬಿಟ್ಟರೆ ಆ ಕಟ್ಟಡದ ಸಿಬ್ಬಂದಿಯಲ್ಲಿ ಎಲ್ಲರಿಗಿಂತ ಮೊದಲು ಬಂದವರು ಅವರು, ಎಲ್ಲರಿಗಿಂತ ಮೊದಲು ಕೂಗಿದ ಯಂತ್ರ ಅವರದು, ತಡ ಅನ್ನಿಸಿಕೊಂಡವರೂ ಅವರೇ. ಒಂಬತ್ತೂವರೆಗೆ ಮೇನ್ ಹಾಕಿದ್ದರೆ ಈ ಕಥೆಯೇ ಇಲ್ಲ. ತಂತಿ ಒಮ್ಮೆ ಕಿತ್ತು ಚುಚ್ಚಿದರೂ ಅದು ಕೂಡಲೇ ಮತ್ತೆ ಕೂಗುತ್ತಿತ್ತು.

“ತಂತಿ ಯಾಕ ಕೀಳಲಿಲ್ರಿ ಅಕ್ಕಾರ, ಒಂದಿನಾನರ?”

ಅವರು ಗೋಡೆ ತೋರಿಸಿದರು. ‘ಸಿಬ್ಬಂದಿ ಯಾವುದೇ ಕೇಬಲ್ ಮುಟ್ಟತಕ್ಕದ್ದಲ್ಲ.’ ಕೆಳಗೆ ಮ್ಯಾನೇಜರ್ ಸಹಿ.

ಹೊರಗೆ ಹೋಗಿ ಸೂಪರ್‌ವೈಸರ್ ಸಾಹೇಬರಿಗೆ ಫೋನು ಹಚ್ಚಿದೆ. ಎಲ್ಲ ಹೇಳಿದೆ.

“ನಿನಗ ಮುಂಜಾನೆ ಹೋಗು ಅಂತ ಯಾರ ಹೇಳಿದ್ರು?”

“ಅಕ್ಕಾರು.”

“ಪಗಾರ ಅಕ್ಕಾರು ಕೊಡ್ತಾರೇನು? ನೋಡು, ಫಾರ್ಮ್ಯಾಟಿನ್ಯಾಗ ಹತ್ತು ರೀಡಿಂಗ್ ಕೇಳ್ಯಾರ. ಹನ್ನೊಂದರ ಮ್ಯಾಲಿನ ಹತ್ತು ರೀಡಿಂಗ್ ಬರಿ, ಕಳಸು.”

“ಹಂಗ ಬರದ್ರ ಅಕಿ ನೌಕರಿ ಹೋಗ್ತದ, ಸರ.”

“ಇನ್ನೊಂದು ಬರದ್ರ ಮೊದಲನೇ ವರದಿ ಸುಳ್ಳಾಗ್ತದ. ಅದರ ಮ್ಯಾಲ ದಸ್ಕತ್ ಯಾರ್ದು? ನಂದಲ್ಲ. ತಿಳೀತಲ್ಲ?”

ಆವತ್ತು ಆ “ತಿಳೀತಲ್ಲ”ದ ದನಿ ತೆಗೆಯಬೇಕು ಅನ್ನಿಸಲಿಲ್ಲ.

ಮ್ಯಾನೇಜರಿಗೆ ಕಣ್ಣಾರೆ ತೋರಿಸಿಬಿಡಬೇಕು ಅಂತ ಹಟ ಬಂತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೇನ್ ಆರಿಸಿ ಮತ್ತೆ ಹಾಕಿ ತೋರಿಸುತ್ತೇನೆ ಅಂದೆ. ಅವರು ಒಪ್ಪಿದರು, ತಮ್ಮ ಕೈಲೇ ಹಾಕಿದರು. ಈಗ ನನ್ನ ಬುದ್ಧಿ ನೋಡಿ. ಹಿಂದಿನ ಕೋಣೆಗೆ ಓಡಿ ಕಂಪ್ಯೂಟರ್ ಚಾಲೂ ಮಾಡಬೇಕಿತ್ತು. ಓಣಿಯಲ್ಲಿ ಮುಂದಿನ ಕೌಂಟರಿನವರು ಡಬ್ಬಿ ಬಿಚ್ಚಿ ಕುಳಿತಿದ್ದರು. “ಏ, ಒಂದ್ಸಲ ಸಾಹೇಬರದು ಮಾಡಿ ತೋರಿಸಪ್ಪ” ಅಂದರು. ನನಗೆ ಇಷ್ಟು ಸಾಕು. ಚಪ್ಪಲಿ ಬಿಟ್ಟೆ, ಗೋಡೆಗೆ ಕೈ ಮುಗಿದೆ, “ಅದು ನಿಮ್ಮ ಹಸಿವಿನ ವ್ಯಾಪ್ತಿಗೆ ಬರೂದಿಲ್ಲಪ್ಪ” ಅಂದು ಒಬ್ಬರ ಡಬ್ಬಿಯಿಂದ ರೊಟ್ಟಿ ಮುರಿದೆ. ನಕ್ಕರು. ಆಮೇಲೆ ಒಮ್ಮೆಲೇ ನಗು ನಿಲ್ಲಿಸಿದರು. ಹಿಂದೆ ಮ್ಯಾನೇಜರ್ ನಿಂತಿದ್ದರು.

ಅವರೊಂದಿಗೆ ಹಿಂದಿನ ಕೋಣೆಗೆ ಹೋಗಿ ಕಂಪ್ಯೂಟರ್ ಚಾಲೂ ಮಾಡುವ ಹೊತ್ತಿಗೆ ನಾಲ್ಕು ನಿಮಿಷ ಸರಿದಿತ್ತು. ದೊಡ್ಡ ಸ್ವಿಚ್ ಎದ್ದು ಮುಖ ತೊಳೆದು ಕುಳಿತಿತ್ತು. ಒಂದೇ ಸೆಕೆಂಡಿಗೆ ಐಪಿ ಬಂತು.

“ಸರಿ ಅದ ಅಲ್ಲಪ್ಪ?” ಅಂದರು ಮ್ಯಾನೇಜರ್, ಮೆತ್ತಗೆ.

“ಸರ, ಕಂಪ್ಯೂಟರ್ ಹಚ್ಚೂದು ತಡ ಆತ್ರಿ. ಮೇನ್ ಹಾಕಿದ ಕೂಡ್ಲೇ ಹಚ್ಚಬೇಕಿತ್ತು. ಇನ್ನೊಂದ್ಸಲ—”

“ಕಚೇರಿ ನಾಟಕದ ಕಂಪನಿ ಅಲ್ಲ. ವರದಿ ನಾಳೆ ಕೊಡ್ರಿ.”

ಅಕ್ಕಾರು ಬಾಗಿಲಲ್ಲಿ ನಿಂತು ನೋಡಿದ್ದರು. ಬೈದಿದ್ದರೆ ಚಲೋ ಇತ್ತು. “ನಗಸೂದು ಮುಗೀತೇನು, ತಮ್ಮಾ?” ಅಂದರು ಅಷ್ಟೇ, ಕುರ್ಚಿ ಎಳೆದುಕೊಂಡು ಕುಳಿತರು.

ಶುಕ್ರವಾರ ಮತ್ತೆ ಒಂಬತ್ತೂವರೆಗೆ ಹೋದೆ. ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಮ್ಯಾನೇಜರ್ ನನ್ನ ಮುಖ ನೋಡಲೂ ತಯಾರಿರಲಿಲ್ಲ. ಒಂಬತ್ತೂ ಐವತ್ತೈದಕ್ಕೆ ಅವರು ಚಪ್ಪಲಿ ಬಿಡುವಾಗ ಅಕ್ಕಾರು ಹಿಂದಿನ ಕೋಣೆಯಿಂದ ಎದ್ದು ಬಂದು ಎದುರು ನಿಂತರು.

“ಸರ, ಒಂದ ಮಾತು. ಇವತ್ತೊಂದಿನ ನನ್ನ ಕುರ್ಚಿಗೆ ನೀವು ಕುಂದ್ರಿ. ಮೇನ್ ನೀವೇ ಹಾಕ್ರಿ, ಬಂದು ನಿಮ್ಮ ಐಡಿಲೇ ಲಾಗಿನ್ ಆಗ್ರಿ. ಹತ್ತರೊಳಗ ನೀವು ಒಳಗ ಹೋದ್ರ ನಾನ ಬರದು ಕೊಟ್ಟು ಹೋಗ್ತೀನಿ, ನಾಳಿನ ಮೀಟಿಂಗಿನ ತ್ರಾಸೂ ಬ್ಯಾಡ.”

ಮುಂದಿನ ಕೌಂಟರಿನವರೆಲ್ಲ ಕೇಳಿಸಿಕೊಂಡರು. ಅಟೆಂಡರ್ ಕಾಕಾ ಅರಿವೆ ಹಿಡಿದಲ್ಲೇ ನಿಂತರು. ಬೇಡ ಅಂದರೆ ಹೆದರಿದಂತೆ. ಮ್ಯಾನೇಜರ್ ಕೈ ಮುಗಿದು ಮೇನ್ ಹಾಕಿದರು, ಓಣಿ ಹಿಡಿದು ಬಂದರು, ಕುರ್ಚಿ ಮೇಲೆ ಕುಳಿತರು. ಈ ಸಲ ನಾನು ಬಾಯಿಗೆ ಬೀಗ ಹಾಕಿ ಕಂಪ್ಯೂಟರ್ ಬಟನ್ ಒತ್ತಿದೆ.

ಪರದೆ ಬಂತು. ಮೂಲೆಯಲ್ಲಿ ಹಳದಿ ತ್ರಿಕೋನ. ಅವರು ಐಡಿ ಹೊಡೆದರು. ‘ಸಂಪರ್ಕವಿಲ್ಲ.’ ಮತ್ತೆ ಹೊಡೆದರು. ಹಿಂದಿನ ಬಾಗಿಲಲ್ಲಿ ಮುದುಕರು ಒಬ್ಬೊಬ್ಬರೇ ಬಂದು ಕೂಡಲು ಶುರು ಮಾಡಿದರು. ಮುಂದಿನ ಹಾಲಿನಿಂದ “ಆತ್ರಿ, ನಂದಾತು” ಅನ್ನುವ ದನಿಗಳು ಬಂದವು. ಒಂಬತ್ತೂ ಐವತ್ತೊಂಬತ್ತು.

“ತಂತಿ ಸ್ವಲ್ಪ ಅಲ್ಲಾಡಸಪ್ಪ.”

“ತಂತಿ ಮುಟ್ಟಬಾರದು ಅಂತ ಬರದಾರ್ರಿ ಸರ, ಗೋಡಿ ಮ್ಯಾಲ,” ಅಂದರು ಅಕ್ಕಾರು.

ಹತ್ತಾಯಿತು. ಅವರು ಬೆವರೊರೆಸಿಕೊಂಡರು. ಒಬ್ಬ ಮುತ್ಯಾ ಬಾಗಿಲಿನಿಂದ ಕೇಳಿದ: “ಇವತ್ತ ಹೊಸಬರು ಬಂದಾರೇನ್ರಿ? ಕೆಲಸ ಬರಂಗಿಲ್ಲ ಅನಸ್ತದ.” ಯಾರೂ ನಗಲಿಲ್ಲ, ನಾನೂ ಸೇರಿ. ನನ್ನ ಬದುಕಿನಲ್ಲಿ ಅಷ್ಟು ದೊಡ್ಡ ತಪಸ್ಸು ಮಾಡಿದ್ದು ಅದೇ ಮೊದಲು.

ಹತ್ತು ಗಂಟೆ ಮೂರು ನಿಮಿಷಕ್ಕೆ ತ್ರಿಕೋನ ಹೋಯಿತು. ಅವರು ಲಾಗಿನ್ ಆದರು. ಅವರ ಹೆಸರಿನ ಮುಂದೆ ಕೆಂಪು ಅಕ್ಷರ: ‘ತಡ’.

ಅದನ್ನು ಅವರು ತುಸು ಹೊತ್ತು ನೋಡಿದರು. ನಾನು ಲ್ಯಾಪ್‌ಟಾಪ್ ತಿರುಗಿಸಿ, ಯಾವ ಹೊತ್ತಿಗೆ ಯಾರು ಕೂಗಿದರು, ಯಾರು ಮಲಗಿದ್ದರು, ಒಂದೊಂದೇ ಸಾಲು ತೋರಿಸಿದೆ. ಕೇಳಿಸಿಕೊಂಡರು. ಎದ್ದು ನಿಂತು ಅಂದರು: “ಸರಿ. ವರದಿಯೊಳಗ ‘ತಾಂತ್ರಿಕ ಕಾರಣದಿಂದ ವಿಳಂಬ’ ಅಂತ ಬರೀರಿ. ನೋಟಿಸ್ ವಿಚಾರ ನಾ ನೋಡ್ತೀನಿ. ಮುಗೀತು.”

ನಾನು ಪೆನ್ನು ತೆಗೆದೇಬಿಟ್ಟಿದ್ದೆ. ಸುಲಭದ ದಾರಿ. ಹಳೆಯ ಹಾಳೆಯೂ ಉಳಿಯುತ್ತಿತ್ತು, ನಾನೂ ಉಳಿಯುತ್ತಿದ್ದೆ.

“ತಾಂತ್ರಿಕ ಅಂದ್ರ ಯಾರ್ರೀ ಅವ್ರು?” ಅಂದರು ಅಕ್ಕಾರು.

ಮ್ಯಾನೇಜರ್ ತಿರುಗಿದರು.

“ಅಲ್ಲ, ಕೇಳ್ತೀನ್ರಿ. ಮೂರು ನೋಟಿಸಿನ್ಯಾಗ ನನ್ನ ಹೆಸರು ಪೂರಾ ಬರದೀರಿ, ನಮ್ಮಪ್ಪನ ಹೆಸರ ಸಮೇತ. ‘ಉದ್ದೇಶಪೂರ್ವಕ’ ಅಂತ ಬರದೀರಿ, ‘ಸುಳ್ಳು ನೆಪ’ ಅಂತ ಬರದೀರಿ. ಓದಿದವ್ರೆಲ್ಲಾ ನನ್ನ ಮುಖ ನೋಡಿದ್ರು. ಈಗ ತಪ್ಪು ನಂದಲ್ಲ ಅಂದ ಕೂಡ್ಲೇ ತಪ್ಪಿಗೆ ಹೆಸರ ಇಲ್ಲೇನ್ರಿ? ಅದಕ್ಕೂ ಒಂದು ಹೆಸರ ಬರೀರಿ. ಇಲ್ಲಾಂದ್ರ ನಾಳೆ ಮೀಟಿಂಗಿನ್ಯಾಗ ಕೇಳ್ತೀನಿ.”

ಮ್ಯಾನೇಜರ್ ನನ್ನನ್ನು ನೋಡಿದರು. ನಾನು ಅವರ ಕೈಗುಣ, ಅವರ ಕಾಗದದ ಹಾಜರಿ, ಅವರ ಗೋಡೆಯ ಹಾಳೆ ಎಲ್ಲವನ್ನೂ ಬರೆಯಬಹುದಿತ್ತು. ನಿನ್ನೆಯಿಂದ ಮನಸ್ಸಿನಲ್ಲಿ ಬರೆಯುತ್ತಲೇ ಇದ್ದೆ, ಅಲಂಕಾರ ಸಮೇತ. ಆದರೆ ಅವರಿಗೆ ಸ್ವಿಚ್ಚಿನ ನಿದ್ದೆ ಗೊತ್ತಿರಲಿಲ್ಲ. ಗೊತ್ತಾಗಲಿ ಅಂತಲೇ ಪರೀಕ್ಷೆ ಅಂತ ಒಂದು ಇಟ್ಟಿರುವುದು. ಆ ಪರೀಕ್ಷೆಗೆ ಬಾರದೆ ಕುಳಿತವನ ಕೈಯಲ್ಲೇ ಪೆನ್ನಿತ್ತು.

ಕಾರಣದ ಕಾಲಮ್ಮಿನಲ್ಲಿ ಮೊದಲು ಎರಡು ಸ್ವಿಚ್ಚಿನ ಹೊತ್ತು ಬರೆದೆ, ಮೇನ್ ಹಾಕುವ ಹೊತ್ತು ಬರೆದೆ. ಆಮೇಲೆ ಬರೆದೆ: ‘ಈ ಕೇಂದ್ರದ ಮೊದಲ ಪರೀಕ್ಷೆಯನ್ನು ಇಲ್ಲಿ ನಡೆಸಿರುವುದಿಲ್ಲ. ಚಿತ್ತಾಪುರದಲ್ಲಿ ಕುಳಿತು ಅಂಕಿಗಳನ್ನು ಕಲ್ಪಿಸಿ ಬರೆಯಲಾಗಿದೆ.’ ಓದಿ ನೋಡಿದೆ. ‘ಬರೆಯಲಾಗಿದೆ’ ಅನ್ನುವವನು ಯಾರು ಅಂತ ಅಕ್ಕಾರು ಮತ್ತೆ ಕೇಳುತ್ತಾರೆ. ಹೊಡೆದು ಹಾಕಿ ‘ನಾನು ಬರೆದಿದ್ದೇನೆ’ ಅಂತ ಮಾಡಿ, ಕೆಳಗೆ ನನ್ನ ಹೆಸರು ಬರೆದೆ. ನಮ್ಮಪ್ಪನ ಹೆಸರ ಸಮೇತ.

ಮ್ಯಾನೇಜರ್ ಓದಿ ಕನ್ನಡಕ ತೆಗೆದರು. “ಇದನ್ನ ಕಳಿಸಿದ್ರ ನಿಮ್ಮ ನೌಕರಿ...”

“ಗೊತ್ತದ್ರಿ.”

ಅವರು ಕೋಣೆಗೆ ಹೋಗಿ ತಮ್ಮದೊಂದು ಹಾಳೆ ಬರೆದು ತಂದರು: ಮೂರೂ ನೋಟಿಸ್ ವಾಪಸ್, ತಡದ ದಿನಗಳೆಲ್ಲ ಹಾಜರಿ, ನಾಳೆಯಿಂದ ಮೇನ್ ಒಂಬತ್ತೂವರೆಗೆ ಅಟೆಂಡರ್ ಹಾಕತಕ್ಕದ್ದು. ‘ತಪ್ಪಾಯಿತು’ ಅನ್ನುವ ಪದ ಹುಡುಕಿದೆ, ಇರಲಿಲ್ಲ. ಕಾಕಾ ಮಾತ್ರ ಕಡೆಯ ಸಾಲು ಎರಡು ಸಲ ಓದಿಸಿ ಕೇಳಿಕೊಂಡು “ಮತ್ತ ಹೊಗಿ ಬಂದ್ರ?” ಅಂದರು. ಬೋರ್ಡಿನ ಹಳೆಯ ತಂತಿ ನಾನೇ ಬದಲಿಸಿ ಕೊಟ್ಟೆ.

ಶನಿವಾರದ ಮೀಟಿಂಗಿನಲ್ಲಿ ಅಕ್ಕಾರ ಕಾಂಟ್ರಾಕ್ಟ್ ಮುಂದುವರಿಯಿತು. ನನ್ನನ್ನು ಸೋಮವಾರದಿಂದ ಪರೀಕ್ಷೆಯ ಕೆಲಸದಿಂದ ತೆಗೆದು ಕೇಬಲ್ ಎಳೆಯುವ ತಂಡಕ್ಕೆ ಹಾಕಿದರು. ಸೂಪರ್‌ವೈಸರ್ ಸಾಹೇಬರ ಹೆಸರು ಯಾವ ಹಾಳೆಯಲ್ಲೂ ಇರಲಿಲ್ಲ. ಅವರು ಈಗಲೂ ಫೋನು ಮಾಡುತ್ತಾರೆ, ಬೇರೆಯವರಿಗೆ. ಈ ಸಿಟ್ಟು ನನಗಿನ್ನೂ ಇಳಿದಿಲ್ಲ, ಇಳಿಯುವ ಲಕ್ಷಣವೂ ಇಲ್ಲ.

ಆ ಶುಕ್ರವಾರ ಅಕ್ಕಾರು ಎರಡೂ ಹಾಳೆ ನಿಂತುಕೊಂಡೇ ಓದಿದರು. ನನ್ನದನ್ನು ಓದುವಾಗ ಅವರ ಬೆರಳು ‘ಚಿತ್ತಾಪುರದಲ್ಲಿ ಕುಳಿತು’ ಅನ್ನುವಲ್ಲಿ ನಿಂತಿತು. ಇಷ್ಟು ದಿನ ತಮ್ಮನ್ನು ಸುಳ್ಳಿ ಮಾಡಿದ ಸಹಿ ಎದುರಿಗೇ ನಿಂತಿದೆ ಅಂತ ಅವರಿಗೆ ಗೊತ್ತಾಗಿದ್ದು ಆಗ.

“ನೀ ಏನು?” ಅಂದರು.

“ಹೌದ್ರಿ, ಅಕ್ಕಾರ.”

ಏನಾದರೂ ಅನ್ನುತ್ತಾರೆ ಅಂತ ಕಾದೆ. ಬೈಗುಳಕ್ಕೆ ತಯಾರಿದ್ದೆ, ಕ್ಷಮೆಗೂ ಒಂದು ಮೂಲೆಯಲ್ಲಿ ಆಸೆ ಇಟ್ಟುಕೊಂಡಿದ್ದೆ. ಅವರು ಹಾಳೆಗಳನ್ನು ನನ್ನ ಕೈಗೆ ಕೊಟ್ಟರು.

“ಎರಡಕ್ಕೂ ಎರಡೆರಡು ಝೆರಾಕ್ಸ್ ತಗೊಂಡು ಬಾ. ಅಸಲು ನನಗ ಬೇಕು.” ಕುರ್ಚಿ ಮುಂದೆ ಎಳೆದುಕೊಂಡು, ನನ್ನನ್ನು ದಾಟಿ ಬಾಗಿಲ ಕಡೆ ನೋಡಿದರು. “ಬರ್ರಿ ಮುತ್ಯಾ, ಕುಂದ್ರಿ. ಭಾಳ ಹೊತ್ತಾತೇನು ಬಂದು?”